ಮೋಟೆಟ್ ಕೇಳುವುದು ಹೇಗೆ: ಕೆಳಗಿನ ದನಿಯಿಂದ ಮೇಲಕ್ಕೆ

13ನೇ ಶತಮಾನದ ಪ್ಯಾರಿಸ್ಸಿನ ಮೋಟೆಟ್, ಅಂದರೆ ಹಲವು ದನಿಗಳು ಒಟ್ಟಿಗೆ ಹಾಡುವ ಪುಟ್ಟ ಹಾಡು, ಒಂದನ್ನು ಮೊದಲ ಸಲ ಹಾಕಿಕೊಂಡು ಕೇಳಿದರೆ ತಲೆಬುಡ ಗೊತ್ತಾಗುವುದಿಲ್ಲ. ಮೂವರು ಒಟ್ಟಿಗೆ ಹಾಡುತ್ತಿರುತ್ತಾರೆ. ಒಬ್ಬೊಬ್ಬರದು ಒಂದೊಂದು ಧಾಟಿ, ಒಂದೊಂದು ಸಾಹಿತ್ಯ. ಒಬ್ಬರು ಸಾಲು ಮುಗಿಸಿ ಉಸಿರು ತೆಗೆದುಕೊಳ್ಳುವಾಗ ಇನ್ನೊಬ್ಬರು ಸಾಲಿನ ನಡುವೆ ಇರುತ್ತಾರೆ. ಒಂದು ನಿಮಿಷದ ಆಸುಪಾಸಿನಲ್ಲಿ ಎಲ್ಲ ಮುಗಿದು, ಮೂವರೂ ಸ-ಪ ಮೇಲೆ ಸಲೀಸಾಗಿ ನಿಂತುಬಿಡುತ್ತಾರೆ. ನಮಗೋ, ಈಗ ಏನಾಯ್ತು ಅಂತಲೇ ತಿಳಿಯದು.

ಇದಕ್ಕೆ ಬೇಜಾರು ಮಾಡಿಕೊಳ್ಳಬೇಕಾಗಿಲ್ಲ. ಆ ಕಾಲದವರಿಗೂ ಹೀಗೇ ಆಗಿತ್ತು. 14ನೇ ಶತಮಾನದಲ್ಲಿ ಯಾಕೋಬಸ್ ಎಂಬ ಸಂಗೀತ ಶಾಸ್ತ್ರಕಾರ ಒಂದು ಕೂಟದ ಬಗ್ಗೆ ಬರೆದಿದ್ದಾನೆ. ಓದಿಕೊಂಡವರೇ ಸೇರಿದ್ದ ಕೂಟ. ಹೊಸ ಬಗೆಯ ಮೋಟೆಟ್‌ಗಳನ್ನು ಹಾಡಿದರು. ಇವರು ಹಾಡುತ್ತಿರುವುದು ಹೀಬ್ರೂನಾ, ಗ್ರೀಕಾ, ಲ್ಯಾಟಿನ್ನಾ ಎಂದು ಕೇಳುವ ಹಾಗಾಯಿತಂತೆ. ಅವನಿಗೆ ಹೊಸಬರ ಸಂಗೀತ ಕಂಡರೆ ಆಗುತ್ತಿರಲಿಲ್ಲ, ಆ ಸಿಟ್ಟೂ ಇದರಲ್ಲಿ ಸೇರಿದೆ. ಆದರೂ ಮಾತು ಸುಳ್ಳಲ್ಲ. ಮೂರು ಸಾಹಿತ್ಯ ಒಟ್ಟಿಗೆ ಬಂದರೆ ಯಾವುದೂ ಪೂರ್ತಿ ಕಿವಿಗೆ ಬೀಳುವುದಿಲ್ಲ.

ನನ್ನ ಪ್ರಕಾರ ಮೋಟೆಟ್ ಇರುವುದು ಕೇಳುಗರಿಗಿಂತ ಜಾಸ್ತಿ ಹಾಡುವವರಿಗೆ. ಹೊರಗೆ ಕೂತು ಎಲ್ಲವನ್ನೂ ಒಂದೇ ಗುಟುಕಿಗೆ ಕುಡಿಯಲು ಹೋದರೆ ಅದು ದಕ್ಕುವುದಿಲ್ಲ. ಒಂದು ದನಿಯನ್ನು ಹಿಡಿದುಕೊಂಡು, ಅದರ ಒಳಗೆ ನಿಂತು, ಉಳಿದ ಎರಡನ್ನು ಕೇಳಬೇಕು. ಕೆಳಗಿನ ಹಂತಗಳೆಲ್ಲ ಇದಕ್ಕಾಗಿಯೇ. ಸಂಗೀತ ಕಲಿತಿರಬೇಕೆಂದೇನೂ ಇಲ್ಲ. ಸರಿಗಮ ಗೊತ್ತಿದ್ದರೆ, ಕೈಯಲ್ಲಿ ತಾಳ ಹಾಕಲು ಬಂದರೆ ಸಾಕು.

ಮೊದಲು ಒಂದು ಹಾಡು ಆರಿಸಿಕೊಳ್ಳಿ

ಹತ್ತು ಮೋಟೆಟ್ ಹತ್ತು ಸಲ ಕೇಳುವುದಕ್ಕಿಂತ ಒಂದನ್ನೇ ನೂರು ಸಲ ಕೇಳುವುದು ಒಳ್ಳೆಯದು. ಶುರುಮಾಡಲು 'ಆನ್ ಪಾರೋಲ / ಆ ಪಾರಿಸ್ / ಫ್ರೇಸ ನೂವೇಲ' ಎಂಬುದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ. ಹೆಸರು ಮೂರು ತುಂಡಾಗಿರುವುದು ನೋಡಿ ಗಾಬರಿಯಾಗಬೇಡಿ. ಮೋಟೆಟ್‌ಗೆ ಬೇರೆ ಹೆಸರಿರುವುದಿಲ್ಲ. ಮೇಲಿನ ದನಿ, ನಡುವಿನ ದನಿ, ಕೆಳಗಿನ ದನಿ, ಈ ಮೂರರ ಮೊದಲ ಪದಗಳನ್ನು ಸಾಲಾಗಿ ಬರೆದರೆ ಅದೇ ಹೆಸರು. ಯೂಟ್ಯೂಬಿನಲ್ಲೋ ಸ್ಪಾಟಿಫೈನಲ್ಲೋ ಹುಡುಕುವಾಗಲೂ ಹಾಗೇ ಹುಡುಕಬೇಕು. ಇದರ ಕರ್ತೃ ಯಾರೆಂದು ಗೊತ್ತಿಲ್ಲ. ಆ ಶತಮಾನದ ಮೋಟೆಟ್‌ಗಳಲ್ಲಿ ಬಹುಪಾಲು ಹೀಗೆ ಹೆಸರಿಲ್ಲದವೇ.

ಧ್ವನಿಮುದ್ರಣ ಆರಿಸುವಾಗ ಒಂದು ಮಾತು. ಡೇವಿಡ್ ಮನ್ರೋ ತಂಡದವರು 1970ರ ದಶಕದಲ್ಲಿ ಮಾಡಿದ ಗೋಥಿಕ್ ಕಾಲದ ಸಂಗೀತದ ರೆಕಾರ್ಡಿಂಗ್‌ಗಳಲ್ಲಿ ಉತ್ಸಾಹ ಉಕ್ಕುತ್ತದೆ, ವಾದ್ಯಗಳೂ ಇವೆ. ಅನಾನಿಮಸ್ 4 ಎಂಬ ನಾಲ್ವರು ಮಹಿಳೆಯರ ತಂಡ 1990ರ ದಶಕದಲ್ಲಿ ಈ ಕಾಲದ ಫ್ರೆಂಚ್ ಮೋಟೆಟ್‌ಗಳನ್ನು ವಾದ್ಯವಿಲ್ಲದೆ, ಬರೀ ಕಂಠದಲ್ಲಿ ಹಾಡಿದೆ. ಅದು ನಯವಾಗಿದೆ, ದನಿಗಳು ಬೆಣ್ಣೆಯಂತೆ ಕೂಡಿಕೊಳ್ಳುತ್ತವೆ. ಆದರೆ ಮೂರು ದನಿ ಮೂರಾಗಿ ಕೇಳಿಸುವುದು ಕಲಿಯುವವರಿಗೆ ಬೇಕು. ಅದಕ್ಕೆ ಗಂಡು-ಹೆಣ್ಣು ದನಿ ಬೆರೆತ, ಇಲ್ಲವೇ ಒಂದು ದನಿಯನ್ನು ವಾದ್ಯಕ್ಕೆ ಬಿಟ್ಟ ರೆಕಾರ್ಡಿಂಗ್ ಸುಲಭ. ಚರ್ಚಿನ ಗುಡುಗುವ ಪ್ರತಿಧ್ವನಿಯಲ್ಲಿ ಮಾಡಿದ್ದನ್ನು ಸದ್ಯಕ್ಕೆ ಬಿಡಿ. ಹೆಡ್‌ಫೋನ್ ಹಾಕಿಕೊಳ್ಳಿ.

ಹಂತ 1: ಪುಟವನ್ನು ನೋಡಿ

ಕೇಳುವ ಮೊದಲು ಹಸ್ತಪ್ರತಿಯ ಒಂದು ಚಿತ್ರ ನೋಡುವುದು ಒಳ್ಳೆಯದು. ಈ ಹಾಡು ಇರುವುದು ಮೊಂಪೆಲಿಯೆ ಕೋಡೆಕ್ಸ್ ಎಂಬ ಹಸ್ತಪ್ರತಿಯಲ್ಲಿ. ದಕ್ಷಿಣ ಫ್ರಾನ್ಸಿನ ಮೊಂಪೆಲಿಯೆ ಊರಿನ ವೈದ್ಯಕೀಯ ವಿಭಾಗದ ಗ್ರಂಥಾಲಯದಲ್ಲಿ ಎಚ್ 196 ಎಂಬ ಗುರುತಿನಲ್ಲಿದೆ. ವೈದ್ಯರ ಪುಸ್ತಕಗಳ ನಡುವೆ ಪ್ರೇಮಗೀತೆಗಳು! ಸುಮಾರು 19 ಸೆಂ.ಮೀ. ಎತ್ತರದ ಚಿಕ್ಕ ಪುಸ್ತಕ. ಎಂಟು ಭಾಗ, 300ಕ್ಕೂ ಹೆಚ್ಚು ಕೃತಿಗಳು. 13ನೇ ಶತಮಾನದ ಮೋಟೆಟ್‌ಗಳ ಇಷ್ಟು ದೊಡ್ಡ ಸಂಗ್ರಹ ಇನ್ನೊಂದಿಲ್ಲ. ನಮ್ಮ ಹಾಡು ಏಳನೇ ಭಾಗದಲ್ಲಿದೆ. ಇಂದಿನ ವಿದ್ವಾಂಸರ ಎಣಿಕೆಯಲ್ಲಿ 319ನೆಯದು.

ಪುಟ ನೋಡಿದರೆ ಒಂದು ವಿಷಯ ತಟ್ಟನೆ ಕಾಣುತ್ತದೆ. ಇಂದಿನ ಪಾಶ್ಚಾತ್ಯ ಸ್ಕೋರಿನಂತೆ ದನಿಗಳನ್ನು ಒಂದರ ಕೆಳಗೊಂದು ಬರೆದಿಲ್ಲ. ಎಡಗಡೆ ಕಾಲಮ್ಮಿನಲ್ಲಿ ಟ್ರಿಪ್ಲಮ್, ಅಂದರೆ ಮೇಲಿನ ದನಿ. ಬಲಗಡೆ ಮೋಟೇಟಸ್, ನಡುವಿನ ದನಿ. ಪುಟದ ಬುಡದಲ್ಲಿ ಅಡ್ಡಕ್ಕೆ ಟೆನರ್, ಕೆಳಗಿನ ದನಿ. ಮೇಲಿನ ಎರಡಕ್ಕೆ ಅಕ್ಷರ ಜಾಸ್ತಿ, ಜಾಗ ಜಾಸ್ತಿ ಬೇಕು. ಟೆನರ್‌ಗೆ ಸ್ವರ ಕಡಿಮೆ, ಒಂದೆರಡು ಸಾಲು ಸಾಕು. ಚರ್ಮದ ಹಾಳೆ ದುಬಾರಿ, ಹಾಗಾಗಿ ಉಳಿತಾಯ.

ಇದರಿಂದ ನಾವು ತಿಳಿಯಬೇಕಾದ್ದು ಬೇರೆ ಇದೆ. ಈ ಪುಟ ಬಿಡಿಸಿಕೊಂಡು ಹಾಡುವವನಿಗೆ ಪಕ್ಕದವನ ಸ್ವರ ತನ್ನ ಸ್ವರದ ಕೆಳಗೆ ಕಾಣುವುದಿಲ್ಲ. ತನ್ನ ಸಾಲನ್ನು ಕಣ್ಣಿನಲ್ಲಿ ನೋಡುತ್ತಾನೆ, ಪಕ್ಕದವರದ್ದನ್ನು ಕಿವಿಯಲ್ಲಿ ಹಿಡಿಯುತ್ತಾನೆ. ನಾವೂ ಹಾಗೇ ಕೇಳಬೇಕು.

ಹಂತ 2: ಟೆನರ್ ಒಂದನ್ನೇ ಹಿಡಿಯಿರಿ

ಎಲ್ಲರ ಕಿವಿಯೂ ಮೊದಲು ಹೋಗುವುದು ಮೇಲಿನ ದನಿಗೆ. ಅದನ್ನು ತಡೆಯಿರಿ. ಹಾಡು ಹಾಕಿ, ಕೆಳಗಿನ ದನಿಯನ್ನು ಮಾತ್ರ ಹುಡುಕಿ.

ಅದು ಹೇಳುವುದು ಇಷ್ಟೇ: "ಫ್ರೇಸ ನೂವೇಲ! ಮ್ವೇರ ಫ್ರಾಂಸ! ಮ್ವೇರ, ಮ್ವೇರ ಫ್ರಾಂಸ!" ತಾಜಾ ಸ್ಟ್ರಾಬೆರಿ! ಒಳ್ಳೇ ಬ್ಲ್ಯಾಕ್‌ಬೆರಿ! ಪ್ಯಾರಿಸ್ಸಿನ ಬೀದಿಯಲ್ಲಿ ಹಣ್ಣು ಮಾರುವವರ ಕೂಗು. ಬೆಳಿಗ್ಗೆ ನಮ್ಮ ಬೀದಿಯಲ್ಲಿ ಸೊಪ್ಪಿನವರು "ದಂಟು, ಮೆಂತ್ಯ, ಸಬ್ಬಸಿಗೇ..." ಎಂದು ಕೂಗುವಾಗ ಕೊನೆಯ ಅಕ್ಷರಕ್ಕೆ ಒಂದು ಗೊತ್ತಾದ ಸ್ವರ ಇರುತ್ತದಲ್ವಾ, ಅಂಥದ್ದೇ. (ಆ ಸ್ಟ್ರಾಬೆರಿ ನಾವು ಮಹಾಬಲೇಶ್ವರದ್ದೆಂದು ತಿನ್ನುವ ದಪ್ಪ ಹಣ್ಣಲ್ಲ. ಈ ದಪ್ಪ ತಳಿ ಹುಟ್ಟಿದ್ದೇ 18ನೇ ಶತಮಾನದಲ್ಲಿ. ಅವರದ್ದು ಕಾಡಿನ ಪುಟಾಣಿ ಹಣ್ಣು.)

ಈ ಕೂಗು ನಾಲ್ಕು ಸಲ ಬರುತ್ತದೆ. ಅದೇ ಧಾಟಿ, ಅದೇ ಲಯ. ನಿಮ್ಮ ಮೊದಲ ಕೆಲಸ ಬೆರಳು ಮಡಚಿ ಈ ನಾಲ್ಕನ್ನು ಎಣಿಸುವುದು. ಪ್ರತಿ ಸಲ "ಫ್ರೇಸ" ಬಂದಾಗ ಒಂದು ಬೆರಳು. ನಾಲ್ಕೂ ಸಿಕ್ಕುವ ತನಕ ಮುಂದೆ ಹೋಗಬೇಡಿ. ಸಿಕ್ಕ ಮೇಲೆ ಜೊತೆಯಲ್ಲಿ ಗುನುಗಿ. ಅದು ಬಾಯಿಗೆ ಬಂತೆಂದರೆ ಇಡೀ ಹಾಡಿನ ನಕ್ಷೆ ನಿಮ್ಮ ಕೈಗೆ ಬಂದ ಹಾಗೆ. ಮೇಲೆ ಏನೇ ಗದ್ದಲ ನಡೆಯಲಿ, ನೀವೀಗ ಎರಡನೇ ಸುತ್ತಿನಲ್ಲಿದ್ದೀರೋ ಮೂರನೆಯದರಲ್ಲೋ ಗೊತ್ತಿರುತ್ತದೆ.

ಇಲ್ಲಿ ಒಂದು ವಿಷಯ ಹೇಳದೆ ಮುಂದೆ ಹೋದರೆ ತಪ್ಪು ತಿಳಿವಳಿಕೆಯಾಗುತ್ತದೆ. ಬೀದಿಯ ಕೂಗು ಟೆನರ್ ಆಗಿರುವುದು ಅಪರೂಪ. ಸಾಮಾನ್ಯವಾಗಿ ಟೆನರ್ ಎಂದರೆ ಚರ್ಚಿನ ಲ್ಯಾಟಿನ್ ಸ್ತೋತ್ರದ ಒಂದು ತುಣುಕು. 1200ರ ಆಸುಪಾಸಿನಲ್ಲಿ ಪ್ಯಾರಿಸ್ಸಿನ ನೋತ್ರ್ ದಾಮ್ ಕೆಥೆಡ್ರಲ್ಲಿನಲ್ಲಿ ಪೆರೊಟಿನ್ ಮತ್ತು ಅವನ ಜೊತೆಯವರು ಸ್ತೋತ್ರದ ಒಂದೊಂದು ಪದ ತೆಗೆದುಕೊಂಡು, ಅದರ ಸ್ವರಗಳನ್ನು ಲಯಕ್ಕೆ ಕೂರಿಸಿ, ಮೇಲೆ ಇನ್ನೊಂದು ಎರಡು ದನಿ ಕಟ್ಟುತ್ತಿದ್ದರು. ಕ್ರಿಸ್‌ಮಸ್ಸಿನ ಸ್ತೋತ್ರದಿಂದ 'ಓಮ್ನೆಸ್', ಈಸ್ಟರ್‌ನ ಸ್ತೋತ್ರದಿಂದ 'ಇನ್ ಸೆಕುಲುಮ್', ಹೀಗೆ. ಮೇಲಿನ ದನಿಗಳು ಮೊದಲು ಬರೀ ಸ್ವರಾಕ್ಷರದ ಎಳೆತ. ಆಮೇಲೆ ಅವಕ್ಕೆ ಮಾತು ಹೊಂದಿಸಿದರು, ಮೊದಲು ಲ್ಯಾಟಿನ್, ಬೇಗನೇ ಫ್ರೆಂಚ್. ಮಾತು ಬಂದದ್ದೇ ತಡ, ಹಾಡು ಗರ್ಭಗುಡಿ ಬಿಟ್ಟು ಹೊರಗೆ ಬಂತು. ಮೇಲೆ ಪ್ರೇಮ, ಕುರುಬತಿಯರು, ಕುಡಿತ, ಕೆಳಗೆ ದೇವರ ಸ್ತೋತ್ರ. ಸ್ತೋತ್ರದ ಜಾಗದಲ್ಲಿ ಹಣ್ಣಿನ ಕೂಗು ಕೂರಿಸಿದವನಿಗೆ ತಾನು ಏನು ತಮಾಷೆ ಮಾಡುತ್ತಿದ್ದೇನೆ ಎಂದು ಚೆನ್ನಾಗಿಯೇ ಗೊತ್ತಿತ್ತು.

ಹಂತ 3: ಮೂರರ ಲೆಕ್ಕ ಹಾಕಿ

ಇನ್ನು ತಾಳ. 13ನೇ ಶತಮಾನದ ಮೋಟೆಟ್ ಪೂರ್ತಿ ತಿಶ್ರ ನಡೆಯಲ್ಲಿ ಸಾಗುತ್ತದೆ. ತೊಡೆಯ ಮೇಲೆ ನಿಧಾನವಾಗಿ ಪೆಟ್ಟು ಹಾಕುತ್ತಾ ಪ್ರತಿ ಪೆಟ್ಟಿಗೆ "ತಕಿಟ" ಎಂದು ಹೇಳಿ ನೋಡಿ, ಕೂತುಕೊಳ್ಳುತ್ತದೆ. ಕೊಲೋನಿನ ಫ್ರಾಂಕೊ 1280ರ ಸುಮಾರಿಗೆ ಬರೆದ ಶಾಸ್ತ್ರದಲ್ಲಿ ಮೂರು ಮಾತ್ರೆಯ ಸ್ವರವೇ ಪೂರ್ಣ, ಏಕೆಂದರೆ ತಂದೆ-ಮಗ-ಪವಿತ್ರಾತ್ಮ ಎಂಬ ಮೂವರಲ್ಲಿ ದೇವರು ಪೂರ್ಣ ಎನ್ನುತ್ತಾನೆ. ಎರಡು ಮಾತ್ರೆಯದು ಅಪೂರ್ಣ. ದೇವರನ್ನು ತಂದು ತಾಳಕ್ಕೆ ಸಾಕ್ಷಿ ಹಾಕಿಸುವುದು ನಮಗೆ ಹೊಸದೇನಲ್ಲ ಬಿಡಿ.

ಈ ಮೂರನ್ನು ಹಂಚುವುದರಲ್ಲಿ ಬಗೆಗಳಿವೆ. ಶಾಸ್ತ್ರದಲ್ಲಿ ಆರು ಹೇಳುತ್ತಾರೆ. ಕೇಳುವವರಿಗೆ ನಾಲ್ಕು ಗೊತ್ತಿದ್ದರೆ ಧಾರಾಳ. ಉದ್ದ-ಗಿಡ್ಡ, ಅಂದರೆ 2+1: "ತಾ-ಕ, ತಾ-ಕ" ಎಂದು ಕುಣಿಯುವಂಥದ್ದು. ಗಿಡ್ಡ-ಉದ್ದ, 1+2: "ತಕಾ, ತಕಾ", ತುಸು ಎಡವಿದಂತೆ ಕೇಳಿಸುತ್ತದೆ, ನನಗೆ ಇದೇ ಇಷ್ಟ. ಪೂರ್ತಿ ಮೂರರ ಉದ್ದ ಸ್ವರಗಳು: ಟೆನರ್‌ಗೆ ಇದು ಸಾಮಾನ್ಯ. ಮೂರೂ ಗಿಡ್ಡ, 1+1+1: ಮೇಲಿನ ದನಿ ಓಡುವಾಗ.

ಒಂದೇ ಹಾಡಿನಲ್ಲಿ ಬೇರೆ ಬೇರೆ ದನಿಗೆ ಬೇರೆ ಬೇರೆ ಬಗೆ ಇರಬಹುದು. ಕೆಳಗೆ ನಿಧಾನ, ನಡುವೆ ಮಧ್ಯಮ, ಮೇಲೆ ದ್ರುತ. ಶತಮಾನದ ಕೊನೆಗೆ ಬಂದಂತೆ ಮೇಲಿನ ದನಿಯ ಬಾಯಿ ಜೋರಾಗುತ್ತಾ ಹೋಗುತ್ತದೆ. ಪೆಟ್ರುಸ್ ದೆ ಕ್ರೂಚೆ ಎಂಬಾತನ ಮೋಟೆಟ್‌ಗಳಲ್ಲಿ ಟ್ರಿಪ್ಲಮ್ ಒಂದು ಗಿಡ್ಡ ಸ್ವರದ ಜಾಗದಲ್ಲೇ ಐದಾರು ಅಕ್ಷರ ತುರುಕಿ ಪಟಪಟ ಮಾತಾಡುತ್ತದೆ. ಅದಕ್ಕಾಗಿಯೇ ಅಂಥದ್ದನ್ನು ನಿಧಾನವಾಗಿ ಹಾಡಬೇಕಾಗುತ್ತದೆ.

ನಮ್ಮ ಹಾಡಿಗೆ ಬನ್ನಿ. ಬಲಗೈಯಲ್ಲಿ ತಕಿಟದ ಪೆಟ್ಟು, ಬಾಯಲ್ಲಿ ಟೆನರ್. ಎರಡೂ ಒಟ್ಟಿಗೆ ಬಂದರೆ ಮುಂದಿನ ಹಂತಕ್ಕೆ ಹೋಗಬಹುದು.

ಹಂತ 4: ಮೇಲಿನ ದನಿಗಳನ್ನು ಒಂದೊಂದಾಗಿ ಸೇರಿಸಿ

ಈಗ ಸಾಹಿತ್ಯ ಬೇಕು. ಮೋಟೇಟಸ್ ಮೊದಲು, ಅದು ಸುಲಭ. "ಆ ಪಾರಿಸ್" ಎಂದೇ ಶುರು. ಪ್ಯಾರಿಸ್ಸಿನಲ್ಲಿ ಬೆಳಿಗ್ಗೆ ಸಂಜೆ ಒಳ್ಳೇ ರೊಟ್ಟಿ ಸಿಗುತ್ತದೆ, ಒಳ್ಳೇ ತಿಳಿ ವೈನು ಸಿಗುತ್ತದೆ. ಮಾಂಸ, ಮೀನು, ಎಲ್ಲ ಥರದ ಗೆಳೆಯರು, ಚುರುಕು ಬುದ್ಧಿ, ಸಂಭ್ರಮ, ಒಡವೆ, ಮರ್ಯಾದಸ್ಥ ಹೆಂಗಸರು. ಕಾಸಿಲ್ಲದ ಗಂಡಸರಿಗೂ ಕಡಿಮೆ ಬೆಲೆಗೆ ದೊರಕುವುದುಂಟು ಎಂದು ಕೊನೆಗೊಂದು ಕೊಂಕು.

ಟ್ರಿಪ್ಲಮ್ ಹಳ್ಳಿಯಿಂದ ಶುರುವಾಗುತ್ತದೆ. ಜನ ಒಕ್ಕುವುದು, ತೂರುವುದು, ಅಗೆಯುವುದು, ಉಳುವುದು ಅಂತ ಮಾತಾಡುತ್ತಾರೆ, ನನಗೆ ಆ ಸುಖ ಬೇಡಪ್ಪ ಬೇಡ. ತಿಳಿ ವೈನು, ಕೊಬ್ಬಿಸಿದ ಹುಂಜ, ಒಳ್ಳೇ ಗೆಳೆಯರು, ಹಾಡು, ತಮಾಷೆ, ಪ್ರೀತಿ, ಬೇಕೆಂದಾಗ ಚೆಲುವೆಯರು. ಇದಕ್ಕಿಂತ ಬದುಕು ಉಂಟೇ? ಇದೆಲ್ಲ ಸಿಗುವುದು ಪ್ಯಾರಿಸ್ಸಿನಲ್ಲಿ.

ಹೀಗೆ ಟ್ರಿಪ್ಲಮ್‌ನ ಕೊನೆಯ ಮಾತು "ಆ ಪಾರಿಸ್", ಮೋಟೇಟಸ್‌ನ ಮೊದಲ ಮಾತೂ "ಆ ಪಾರಿಸ್". ಒಬ್ಬ ಹೊರಡುವ ಜಾಗಕ್ಕೆ ಇನ್ನೊಬ್ಬ ಕೊನೆಗೆ ಬಂದು ಸೇರುತ್ತಾನೆ. ಇಬ್ಬರ ಬಾಯಲ್ಲೂ "ಬೊನ್ ಕ್ಲೇರ್ ವಿನ್" ಎಂಬ ತಿಳಿ ವೈನು ಬರುತ್ತದೆ, "ಕೊಂಪಾನ್ಯೋನ್" ಎಂಬ ಗೆಳೆಯರು ಬರುತ್ತಾರೆ, ಆದರೆ ಒಂದೇ ಹೊತ್ತಿಗಲ್ಲ. ಕೇಳುವಾಗ ಈ ಮೂರು ಪದಗಳಿಗೆ ಕಿವಿ ಕೊಟ್ಟುಕೊಂಡಿರಿ. ಪೂರ್ತಿ ಸಾಹಿತ್ಯ ಹಿಡಿಯಲು ಹೋಗಬೇಡಿ. ಪಾರಿಸ್, ವಿನ್, ಕೊಂಪಾನ್ಯೋನ್. ಒಂದು ಸಲ ಬಲಗಡೆಯಿಂದ, ಒಂದು ಸಲ ಎಡಗಡೆಯಿಂದ ಅವು ತೇಲಿಬರುವುದು ಗೊತ್ತಾದರೆ ಎರಡು ದನಿ ಬೇರೆಯಾಗಿ ಕೇಳಿಸಲು ಶುರುವಾಯಿತೆಂದು ಅರ್ಥ.

ಕೇಳುವ ಕ್ರಮ ಹೀಗಿರಲಿ. ಒಂದು ಸಲ ಟೆನರ್ ಗುನುಗುತ್ತಾ ಮೋಟೇಟಸ್ ಕೇಳಿ. ಇನ್ನೊಂದು ಸಲ ಟೆನರ್ ಗುನುಗುತ್ತಾ ಟ್ರಿಪ್ಲಮ್ ಕೇಳಿ. ಟೆನರ್ ಬಿಟ್ಟು ಮೇಲಿನೆರಡನ್ನೇ ಕೇಳುವುದು ಬೇಡ, ಅದಕ್ಕೆ ಕಾರಣ ಮುಂದಿನ ಹಂತದಲ್ಲಿದೆ. ಎರಡು ದನಿಗಳ ಶ್ರುತಿಮಟ್ಟ ಒಂದರೊಳಗೊಂದು ಹೊಕ್ಕುಬರುತ್ತದೆ. ಹಾಗಾಗಿ "ಎತ್ತರದಲ್ಲಿರುವುದು ಟ್ರಿಪ್ಲಮ್" ಎಂಬ ಲೆಕ್ಕ ಎಲ್ಲ ಕಡೆ ನಡೆಯುವುದಿಲ್ಲ. ಧ್ವನಿಯ ಬಣ್ಣ ನೋಡಿ ಗುರುತು ಹಿಡಿಯಿರಿ. ಇಲ್ಲೇ ಜಾಸ್ತಿ ಜನ ಸೋಲುವುದು.

ಈಗ ಮೂರನ್ನೂ ಒಟ್ಟಿಗೆ ಬಿಡಿ. ಇಬ್ಬರು ಗೆಳೆಯರು ಪ್ಯಾರಿಸ್ಸನ್ನು ಹೊಗಳುತ್ತಿದ್ದಾರೆ, ಅವರು ಹೊಗಳುವ ಅದೇ ಪ್ಯಾರಿಸ್ಸಿನ ಬೀದಿ ಕೆಳಗೆ ಕೂಗುತ್ತಿದೆ. ಗದ್ದಲವೇ ಇಲ್ಲಿ ಚಿತ್ರ.

ಹಂತ 5: ಎಲ್ಲಿ ಕೂಡುತ್ತದೆ, ಎಲ್ಲಿ ತಿಕ್ಕುತ್ತದೆ

ಪಿಯಾನೋ, ಗಿಟಾರ್ ಕೇಳಿ ಬೆಳೆದ ಕಿವಿಗೆ ಈ ಸಂಗೀತ ಬೋಳು ಬೋಳಾಗಿ ಕೇಳಿಸುತ್ತದೆ. ಸ-ಗ-ಪ ಮೂರೂ ಸೇರಿದ ಮೆತ್ತನೆಯ ನಿಲುಗಡೆ ಇಲ್ಲಿ ಕೊನೆಯಲ್ಲಿ ಬರುವುದಿಲ್ಲ. ತಂಬೂರಿಯ ಶ್ರುತಿಗೆ ಒಗ್ಗಿದ ಕಿವಿಗೆ ಆ ತೊಂದರೆ ಇಲ್ಲ. ಇಲ್ಲಿ ನಿಲ್ಲುವ ಜಾಗ ಎಂದರೆ ಸ, ಪ, ಮೇಲಿನ ಸ. ಅಷ್ಟೇ. ಗಾಂಧಾರ ಇದ್ದರೂ ದಾರಿಯಲ್ಲಿ ಸಿಗುವ ಸ್ವರ, ಮನೆಯಲ್ಲ.

ಫ್ರಾಂಕೊನ ಪಟ್ಟಿಯಲ್ಲಿ ಒಂದೇ ಸ್ವರ ಮತ್ತು ಸ-ಮೇಲ್ಸ ಪೂರ್ಣವಾಗಿ ಕೂಡುವ ಜೋಡಿಗಳು. ಸ-ಪ, ಸ-ಮ ನಡುವಿನವು. ಸ-ಗ ಅಪೂರ್ಣ. ಉಳಿದವೆಲ್ಲ ತಿಕ್ಕುವವು. ಶ್ರುತಿ ಸೇರಿಸುವುದು ಶುದ್ಧ ಪಂಚಮದಿಂದ, ಅಂದರೆ 3:2ರ ಲೆಕ್ಕದಲ್ಲಿ. ಹಾಗೆ ಪಂಚಮದ ಮೇಲೆ ಪಂಚಮ ಹತ್ತಿ ಬಂದರೆ ಸಿಗುವ ಗಾಂಧಾರ 81:64. ತಂಬೂರಿಯಲ್ಲಿ ತಾನಾಗಿ ಮೊಳಗುವ ಅಂತರ ಗಾಂಧಾರ 5:4. ಅದಕ್ಕಿಂತ ಇದು ತುಸು ಮೇಲೆ. ಕೇಳಿದರೆ ಸ್ವಲ್ಪ ಚುಚ್ಚುತ್ತದೆ, ಎಲ್ಲಾದರೂ ಹೋಗಿ ಕೂತುಕೊಳ್ಳಬೇಕು ಎನ್ನುತ್ತದೆ. ಸಾಲು ಮುಗಿಯುವ ಜಾಗದಲ್ಲಿ ಗಮನಿಸಿ: ಒಂದು ದನಿ ಒಂದು ಮೆಟ್ಟಿಲು ಮೇಲೆ, ಇನ್ನೊಂದು ಒಂದು ಮೆಟ್ಟಿಲು ಕೆಳಗೆ ಸರಿದು, ಸ-ಗ ಅಂತರ ಹಿಗ್ಗಿ ಸ-ಪ ಅಂತರವಾಗುತ್ತದೆ. ಆ ಒಂದು ಚಲನೆ ಕಿವಿಗೆ ಸಿಕ್ಕರೆ ಇಡೀ ಶತಮಾನದ ಸಂಗೀತ ಎಲ್ಲಿ ಉಸಿರಾಡುತ್ತದೆ ಎಂದು ಗೊತ್ತಾಗುತ್ತದೆ.

ಇನ್ನು ತಿಕ್ಕಾಟ. ಫ್ರಾಂಕೊ ಹೇಳುವ ನಿಯಮ, ಪ್ರತಿ ಮೂರು ಮಾತ್ರೆಯ ಗುಂಪಿನ ಶುರುವಿನಲ್ಲಿ ಸ್ವರಗಳು ಕೂಡಿಬರಬೇಕು. ಅಂದರೆ ನಿಮ್ಮ ಪೆಟ್ಟು ಬೀಳುವ ಜಾಗ. ನಡುವೆ ಏನು ಬೇಕಾದರೂ ಆಗಬಹುದು, ಆಗುತ್ತದೆ ಕೂಡ. ಹಾಡು ಕಟ್ಟುವಾಗ ಮೊದಲು ಟೆನರ್, ಅದಕ್ಕೆ ಹೊಂದುವಂತೆ ಮೋಟೇಟಸ್, ಆಮೇಲೆ ಟ್ರಿಪ್ಲಮ್. ಮೇಲಿನ ಎರಡೂ ಟೆನರ್ ಜೊತೆ ಚೆನ್ನಾಗಿರುತ್ತವೆ, ತಮ್ಮತಮ್ಮಲ್ಲಿ ಒಂದು ಕ್ಷಣ ಸ-ರಿ ಎಂದು ಕಚ್ಚಾಡುತ್ತವೆ. ಅದು ತಪ್ಪು ಸ್ವರವಲ್ಲ. ಟೆನರ್ ಬಿಟ್ಟು ಕೇಳಬೇಡಿ ಎಂದದ್ದು ಇದಕ್ಕೇ. ಅಳತೆಗೋಲು ಟೆನರ್‌ನಲ್ಲಿದೆ.

ತಕಿಟ ಹಾಕುತ್ತಾ ಕೇಳಿ: "ತ"ದಲ್ಲಿ ಕೂಡಿತೇ? "ಕಿಟ"ದಲ್ಲಿ ತಿಕ್ಕಿತೇ?

ಹಂತ 6: ನಾಲ್ಕು ದನಿ, ಒಂದು ಹೂವು

ಮೂರು ದನಿ ಪಳಗಿದ ಮೇಲೆ ಅದೇ ಕೋಡೆಕ್ಸ್‌ನ ಎರಡನೇ ಭಾಗಕ್ಕೆ ಹೋಗಿ. ಅಲ್ಲಿ ನಾಲ್ಕು ದನಿಯ ಮೋಟೆಟ್‌ಗಳಿವೆ. 'ಪ್ಲುಸ್ ಬೇಲ ಕ ಫ್ಲೋರ್ / ಕಾಂತ್ ರೆವಿಯೆಂತ್ / ಲೋತ್ರಿಯೇ / ಫ್ಲೋಸ್' ಹುಡುಕಿ. ಕೇಳಲೂ ಇಂಪು, ಬುದ್ಧಿಗೂ ಹಬ್ಬ.

ಇದರ ಟೆನರ್ 'ಫ್ಲೋಸ್ ಫಿಲಿಯುಸ್ ಎಯುಸ್', "ಹೂವು ಆಕೆಯ ಮಗ" ಎಂದು. 1028ರಲ್ಲಿ ತೀರಿಕೊಂಡ ಶಾರ್ತ್ರ್‌ನ ಬಿಷಪ್ ಫುಲ್ಬೇರ್‌ನದೆಂದು ಹೇಳುವ, ಯೇಸುವಿನ ತಾಯಿ ಮರಿಯಳ ಸ್ತೋತ್ರದ ಕೊನೆಯ ಮಾತು. ಯೇಸುವಿನ ಪೂರ್ವಜ ಯೆಶ್ಶೆಯನ ಬುಡದಿಂದ ಒಂದು ಕೊಂಬೆ, ಕೊಂಬೆಯಿಂದ ಒಂದು ಹೂವು. ಕೊಂಬೆ ಮರಿಯ, ಹೂವು ಯೇಸು.

ಮೇಲಿನ ಮೂರೂ ಫ್ರೆಂಚ್. ಮೋಟೇಟಸ್‌ನಲ್ಲಿ ಒಬ್ಬ ಮೊನ್ನೆ ಹೀಗೇ ಅಡ್ಡಾಡಲು ಹೋಗಿದ್ದೆ ಎನ್ನುತ್ತಾನೆ. ಹೂ ಕೀಳಲು ತೋಟಕ್ಕೆ ನುಗ್ಗುತ್ತಾನೆ. ಅಲ್ಲಿ ಒಬ್ಬ ಚೆಲುವೆ, ನನಗೆ ಪ್ರೀತಿ ಹುಟ್ಟಿದೆ, ಏನು ಮಾಡಲಿ, ಯಾರೇನೇ ಅನ್ನಲಿ ನಾನು ಪ್ರೀತಿಸುವವಳೇ ಎಂದು ಹಾಡುತ್ತಿದ್ದಾಳೆ. ಟ್ರಿಪ್ಲಮ್‌ನವನಿಗೆ ಬೇಸಗೆ ಹತ್ತಿರವಾಗಿ ಎಲೆ-ಹೂ ಬಂದಾಗ ಪ್ರೀತಿ ನೆನಪಾಗುತ್ತದೆ. ಎಲ್ಲಕ್ಕೂ ಮೇಲಿನ ನಾಲ್ಕನೇ ದನಿ ಕ್ವಾಡ್ರುಪ್ಲಮ್, "ಹೂವಿಗಿಂತ ಚೆಲುವೆ ನನ್ನಾಕೆ" ಎಂದು ಶುರುಮಾಡಿ, ಕೊನೆಗೆ ಬರುವಾಗ ಆಕೆ ಸ್ವರ್ಗದ ಹೂವು, ಪ್ರಭುವಿನ ತಾಯಿ ಎಂದು ಬಿಚ್ಚಿಡುತ್ತದೆ.

ಕೇಳುವ ಉಪಾಯ ಸುಲಭ: "ಫ್ಲೋರ್" ಎಂಬ ಒಂದು ಪದ ಹಿಡಿಯಿರಿ. ಮೇಲಿನ ಮೂರೂ ದನಿಗಳಲ್ಲಿ ಅದು ಶುರುವಿನ ಸಾಲುಗಳಲ್ಲೇ ಬರುತ್ತದೆ. ಕೆಳಗೆ ಟೆನರ್ ಲ್ಯಾಟಿನ್‌ನಲ್ಲಿ ಅದನ್ನೇ ಹೇಳುತ್ತಿದೆ. ತೋಟದ ಹೂವು, ಋತುವಿನ ಹೂವು, ಹೆಣ್ಣಿಗೆ ಹೋಲಿಸಿದ ಹೂವು, ಮರಿಯಳ ಮಗ. ಕಾಮ ಯಾವುದು ಭಕ್ತಿ ಯಾವುದು ಎಂದು ಬಿಡಿಸಿ ಹೇಳುವ ಗೊಡವೆಗೆ ಹಾಡು ಹೋಗುವುದೇ ಇಲ್ಲ. ನಾಲ್ಕನ್ನೂ ಒಟ್ಟಿಗೆ ಇಡುತ್ತದೆ, ಅಷ್ಟೇ. 1300ರ ಸುಮಾರಿಗೆ ಪ್ಯಾರಿಸ್ಸಿನ ಯೋಹಾನೆಸ್ ದೆ ಗ್ರೋಕೆಯೊ ಮೋಟೆಟ್ ಅನ್ನು ಸಾಮಾನ್ಯ ಜನರ ಮುಂದೆ ಹಾಡಬಾರದು, ಅವರಿಗೆ ಅದರ ಸೂಕ್ಷ್ಮ ತಿಳಿಯದು, ಓದುಬರಹದವರ ಮುಂದೆ ಹಾಡಬೇಕು ಎಂದು ಬರೆದ. ಜಂಬದ ಮಾತೇ. ಆದರೆ ಹೂವಿನ ಈ ಆಟ ನೋಡಿದರೆ ಅವನು ಯಾಕೆ ಹಾಗೆಂದ ಎನ್ನುವುದು ಅರ್ಥವಾಗುತ್ತದೆ. ಟೆನರ್ ಎಲ್ಲಿಂದ ಬಂತು ಎಂದು ಗೊತ್ತಿದ್ದವರಿಗೆ ಮಾತ್ರ ಅದು ತೆರೆದುಕೊಳ್ಳುತ್ತದೆ. ಹಾಗಾಗಿ ಯಾವುದೇ ಮೋಟೆಟ್ ಹಿಡಿದರೂ ಮೊದಲು ಕೇಳಬೇಕಾದ ಪ್ರಶ್ನೆ: ಟೆನರ್ ಯಾವ ಸ್ತೋತ್ರದ್ದು, ಅದರ ಮುಂದಿನ-ಹಿಂದಿನ ಮಾತು ಏನು?

ಹಂತ 7: ಹಾಕೆಟ್

ಕೆಲವು ಮೋಟೆಟ್‌ಗಳಲ್ಲಿ ನಡುವೆ ಎರಡು ದನಿ ಸ್ವರಗಳನ್ನು ಹಂಚಿಕೊಂಡು ಹಾಡುತ್ತವೆ. ಒಬ್ಬ ಹಾಡುವಾಗ ಇನ್ನೊಬ್ಬ ಸುಮ್ನೆ, ಮರುಕ್ಷಣ ಅದಲುಬದಲು. ಇದಕ್ಕೆ ಹಾಕೆಟ್ ಎನ್ನುತ್ತಾರೆ. 1320ರ ದಶಕದಲ್ಲಿ ಪೋಪ್ 22ನೇ ಜಾನ್ ಇಂಥ ತುಂಡರಿಸಿದ ಹಾಡುಗಾರಿಕೆ ಚರ್ಚಿನಲ್ಲಿ ಕೂಡದೆಂದು ಆಜ್ಞೆಯನ್ನೇ ಹೊರಡಿಸಿದ. ಹೆಡ್‌ಫೋನಿನಲ್ಲಿ ಎಡ-ಬಲ ಬೇರೆಯಾದರೆ ಇದು ತಾನಾಗಿ ಗೊತ್ತಾಗುತ್ತದೆ, ಬೇರೆ ತಯಾರಿ ಬೇಡ.

ಹಂತ 8: 14ನೇ ಶತಮಾನದ ಟೆನರ್

ಫಿಲಿಪ್ ದ ವಿತ್ರಿ, ಗಿಯೋಮ್ ದ ಮಾಷೋ ಎಂಬ ಫ್ರೆಂಚ್ ಸಂಗೀತ ರಚನಕಾರರ ಕಾಲಕ್ಕೆ ಬಂದರೆ ಟೆನರ್ ಬಾಯಿಪಾಠ ಮಾಡುವ ಉಪಾಯ ನಡೆಯುವುದಿಲ್ಲ. ಸ್ವರಗಳು ಅಷ್ಟು ನಿಧಾನ. ಅಲ್ಲಿ ಲೆಕ್ಕ ಬೇಕು.

ಟೆನರ್‌ನ ಸ್ವರಗಳ ಸಾಲಿಗೆ ಕೊಲೋರ್ ಎನ್ನುತ್ತಾರೆ, ಲಯದ ಅಚ್ಚಿಗೆ ತಾಲೆಯ. ಎರಡೂ ಬೇರೆ ಬೇರೆ ಉದ್ದ ಇರಬಹುದು. ಒಂದು ಪುಟ್ಟ ಲೆಕ್ಕ ಮಾಡೋಣ. ಇದು ನಾನು ಮಾಡಿದ್ದು, ಯಾವ ಮೋಟೆಟ್‌ನದೂ ಅಲ್ಲ. ಕೊಲೋರ್ ಆರು ಸ್ವರ: ಸ ರಿ ಗ ರಿ ಮ ಗ. ತಾಲೆಯ ನಾಲ್ಕು ಸ್ವರದ್ದು: 3, 3, 2, 1 ಮಾತ್ರೆ. ಜೋಡಿಸಿ. ಮೊದಲ ತಾಲೆಯದಲ್ಲಿ ಸ ರಿ ಗ ರಿ. ಎರಡನೆಯದರಲ್ಲಿ ಮ ಗ ಸ ರಿ. ಮೂರನೆಯದರಲ್ಲಿ ಗ ರಿ ಮ ಗ. ಮೊದಲ ಸಲ ಸ ಬಂದಾಗ 3 ಮಾತ್ರೆ ಸಿಕ್ಕಿತ್ತು, ಎರಡನೇ ಸಲ 2 ಮಾತ್ರೆ. ಅದೇ ಸ್ವರಗಳು, ಗುರುತೇ ಸಿಗುವುದಿಲ್ಲ. ಎರಡು ಕೊಲೋರ್, ಮೂರು ತಾಲೆಯ ಮುಗಿದಾಗ ಎರಡೂ ಒಟ್ಟಿಗೆ ಸಮಕ್ಕೆ ಬರುತ್ತವೆ. ತನಿ ಆವರ್ತನದಲ್ಲಿ ಲೆಕ್ಕ ಹಾಕಿ ಕಾಯುವವರಿಗೆ ಈ ಸುಖ ಹೇಳಿಕೊಡಬೇಕಾಗಿಲ್ಲ.

ವಿತ್ರಿಯದೆಂದು ಹೇಳುವ 'ಗಾರಿತ್ ಗಾಲುಸ್ / ಇನ್ ನೋವಾ ಫೆರ್ತ್ / ನೇಉಮಾ' ಕೊಲೋರ್-ತಾಲೆಯಗಳಿಗೆ ಒಳ್ಳೇ ಉದಾಹರಣೆ. ಅಲ್ಲಿ ಕೊಲೋರ್ ಎರಡು ಸಲ, ಪ್ರತಿ ಕೊಲೋರ್‌ನಲ್ಲಿ ಮೂರು ತಾಲೆಯ. ಲಯದ ಅಚ್ಚು ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ಒಂದೇ. ಅದರ ನಡುವೆ ಕೆಂಪು ಶಾಯಿಯಲ್ಲಿ ಬರೆದ ಸ್ವರಗಳಿವೆ. ಕಪ್ಪು ಸ್ವರ ಮೂರರ ಲೆಕ್ಕ, ಕೆಂಪು ಎರಡರದ್ದು. ಫ್ರಾಂಕೊ ಅಪೂರ್ಣ ಎಂದಿದ್ದ ಎರಡಕ್ಕೆ ಕೊನೆಗೂ ಜಾಗ ಸಿಕ್ಕಿತು. ಸಾಹಿತ್ಯ ಮಾತ್ರ ಲ್ಯಾಟಿನ್: ಕುರುಡು ಸಿಂಹದ ರಾಜ್ಯದಲ್ಲಿ ನರಿಯ ದರ್ಬಾರು, ಕೋಳಿಯ ಅಳು. ನರಿ ಎಂದರೆ ಫ್ರಾನ್ಸಿನ ರಾಜನ ಮಂತ್ರಿ ಆಂಗೆರಾಂ ದ ಮಾರಿನ್ಯಿ. ಅವನನ್ನು 1315ರಲ್ಲಿ ಗಲ್ಲಿಗೇರಿಸಿದರು.

ಫ್ರೆಂಚ್ ಬೇಕೆನ್ನುವವರು ಮಾಷೋನ 23 ಮೋಟೆಟ್‌ಗಳಿಗೆ ಹೋಗಿ. ಬಹುಪಾಲು ಮೇಲೆ ಫ್ರೆಂಚ್ ಪ್ರೇಮ, ಕೆಳಗೆ ಲ್ಯಾಟಿನ್ ತುಣುಕು. 'ಕಿ ಎಸ್ ಪ್ರೊಮೆಸೆಸ್ / ಆ ಫೋರ್ತ್ಯೂನ್ / ಎತ್ ನೋನ್ ಎಸ್ತ್' ಚೆನ್ನಾಗಿದೆ. ಮೇಲಿನ ಇಬ್ಬರೂ ಅದೃಷ್ಟದೇವಿಯನ್ನು ಬೈಯುತ್ತಿರುತ್ತಾರೆ, ಕೆಳಗಿನ ದನಿ ಬೈಬಲ್ಲಿನ ಕೀರ್ತನೆಯ ಒಂದೇ ಮಾತು ಎಳೆಯುತ್ತಿರುತ್ತದೆ: ನೆರವಾಗುವವರು ಯಾರೂ ಇಲ್ಲ.

ಹಂತ 9: ಹಾಡಿ

ಮೂವರು ಸಿಕ್ಕರೆ ಬಿಡಬೇಡಿ. 'ಆನ್ ಪಾರೋಲ'ದ ಇಂದಿನ ಲಿಪಿಯ ಸ್ವರಪ್ರತಿ ಮುದ್ರಿತ ಆವೃತ್ತಿಗಳಲ್ಲಿದೆ, ಇವೊನ್ ರೊಕ್ಸೆತ್ 1930ರ ದಶಕದಲ್ಲಿ ಇಡೀ ಕೋಡೆಕ್ಸ್ ಅನ್ನು ಲಿಪ್ಯಂತರ ಮಾಡಿ ಪ್ರಕಟಿಸಿದರು. ಬೇಕಾದರೆ ಸರಿಗಮಕ್ಕೆ ಬರೆದುಕೊಳ್ಳಿ.

ಶ್ರುತಿ ನಿಮ್ಮ ಅನುಕೂಲ. ಆ ಕಾಲದ ಬರಹದಲ್ಲಿ ಇಂತಿಷ್ಟೇ ಎತ್ತರ ಎಂದು ಇಲ್ಲ. ಮೂವರ ಗಂಟಲಿಗೂ ಹೊಂದುವ ಕಡೆ ಸ ಇಟ್ಟುಕೊಳ್ಳಿ. ಮೊದಲ ವಾರ ಎಲ್ಲರೂ ಟೆನರ್ ಹಾಡಿ. ಹೌದು, ಎಲ್ಲರೂ. ಆಮೇಲೆ ಮೋಟೇಟಸ್‌ನವರು ಬೇರೆಯಾಗಲಿ, ಮಾತು ಬಿಟ್ಟು ಬರೀ "ಆ"ಕಾರದಲ್ಲಿ. ಅದು ಕೂತ ಮೇಲೆ ಟ್ರಿಪ್ಲಮ್. ಮಾತು ಕೊನೆಗೆ.

ಕರ್ನಾಟಕ ಸಂಗೀತ ಕಲಿತವರಿಗೆ ಒಂದೇ ಒಂದು ಎಚ್ಚರಿಕೆ: ಗಮಕ ಬೇಡ. ಸ್ವರ ಅಲುಗಿದರೆ ಪಂಚಮ ಕೂಡುವುದಿಲ್ಲ, ಪಂಚಮ ಕೂಡದಿದ್ದರೆ ಉಳಿದವರಿಗೆ ನಿಲ್ಲಲು ಜಾಗವೇ ಇಲ್ಲ. ಗಾಂಧಾರವನ್ನು ತುಸು ಮೇಲಕ್ಕೆ ಹಿಡಿಯಿರಿ. ತಂಬೂರಿ ಹಾಕಿಕೊಂಡರೆ ಅಭ್ಯಾಸಕ್ಕೆ ಆದೀತು, ಹಾಡುವಾಗ ತೆಗೆಯಿರಿ. ಇಲ್ಲಿ ಟೆನರ್ ಓಡಾಡುತ್ತದೆ, ನಿಂತ ಶ್ರುತಿ ಅದಕ್ಕೆ ಅಡ್ಡ ಬರುತ್ತದೆ.

ತಾಳ ಒಬ್ಬರೇ ಹಾಕಿ, ಟೆನರ್‌ನವರು. ವೇಗ ಏರಿಸುವ ಚಾಳಿ ಇರುವುದು ಯಾವಾಗಲೂ ಟ್ರಿಪ್ಲಮ್‌ಗೆ, ಮಾತು ಜಾಸ್ತಿ ಇರುವುದರಿಂದ ಬೇಗ ಮುಗಿಸುವ ಆತುರ. ಕೊನೆಯ "ಪಾರಿಸ್" ಹೊತ್ತಿಗೆ ಮೂವರೂ ಒಟ್ಟಿಗೆ ನಿಲ್ಲದಿದ್ದರೆ ಹಣ್ಣು ಮಾರುವವರನ್ನು ಬೈಯಬೇಡಿ. ಟ್ರಿಪ್ಲಮ್‌ನವರಿಗೆ ನಾಲ್ಕನೇ ಸುತ್ತಿನ "ಫ್ರೇಸ" ಕೇಳಿಸಿತಾ ಎಂದು ಕೇಳಿ, ಅಲ್ಲಿಂದ ಮತ್ತೆ ಶುರುಮಾಡಿ.